ಗ್ಯಾರೇಜಿನಲ್ಲಿ ಬೈಗುಳ: ಎಲ್ಲಿಯವರೆಗೆ ಸಹಜ, ಎಲ್ಲಿಂದ ಅತಿ?

ಪಿಬಿ ರಸ್ತೆಯವನು:
ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ನಡೆಸುತ್ತಿದ್ದೇನೆ. ನಮ್ಮ ಹೆಡ್ ಮೇಸ್ತ್ರಿ ಅಪ್ಪನ ಕಾಲದಿಂದ ಇರುವವರು. ಎಂಜಿನ್ನಿನ ಸದ್ದು ಕೇಳಿಯೇ ಯಾವ ಸಿಲಿಂಡರ್ ಕೈಕೊಟ್ಟಿದೆ ಎಂದು ಹೇಳಿಬಿಡುತ್ತಾರೆ. ಆದರೆ ಬಾಯಿ ಬಿಟ್ಟರೆ ಬೈಗುಳ. "ಹತ್ತೊಂಬತ್ತರ ಪಾನಾ ಕೊಡು" ಎನ್ನುವುದಕ್ಕೂ ಹಿಂದೊಂದು ಮುಂದೊಂದು ಸೇರಿಸದೆ ಅವರಿಗೆ ಮಾತು ಮುಗಿಯುವುದಿಲ್ಲ. ನಾವೆಲ್ಲ ಅದನ್ನು ಕೇಳಿಕೊಂಡೇ ಬೆಳೆದವರು, ಕಿವಿಗೆ ತಾಕುವುದೂ ಇಲ್ಲ.

ಇತ್ತೀಚೆಗೆ ಐಟಿಐ ಮುಗಿಸಿದ ಹುಡುಗನೊಬ್ಬ ಸೇರಿದ್ದ. ಕೆಲಸ ಬೇಗ ಹಿಡಿಯುತ್ತಿದ್ದ. ಒಂದು ದಿನ ಗೇರ್ ಬಾಕ್ಸ್ ಇಳಿಸುವಾಗ ಜಾಕಿ ಸ್ವಲ್ಪ ಸರಿಯಿತು. ಮೇಸ್ತ್ರಿ ಅವನ ತಾಯಿಯನ್ನು ಮಧ್ಯೆ ಎಳೆದು ಒಂದು ಮಾತು ಅಂದರು. ಹುಡುಗ ತಿರುಗಿ ಏನೂ ಹೇಳಲಿಲ್ಲ. ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿಕೊಂಡ, ಪಾನಾಗಳನ್ನು ಸೈಜಿನ ಪ್ರಕಾರ ಟ್ರೇಯಲ್ಲಿ ಜೋಡಿಸಿಟ್ಟ, ಹೊರಟುಹೋದ. ಮರುದಿನ ಬರಲಿಲ್ಲ. ಫೋನ್ ಮಾಡಿದರೆ "ಇಲ್ಲಿಯವರೆಗಿನ ಲೆಕ್ಕ ನೋಡಿ ಹಾಕಿಬಿಡಿ ಅಣ್ಣಾ" ಎಂದು ಇಟ್ಟುಬಿಟ್ಟ.

ಮೇಸ್ತ್ರಿಯನ್ನು ಕೇಳಿದರೆ "ಜಾಕಿ ಇನ್ನೊಂದು ಇಂಚು ಸರಿದಿದ್ದರೆ ಅವನ ಕೈ ಉಳಿಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಶ್ಲೋಕ ಹೇಳಬೇಕಿತ್ತೇ?" ಎನ್ನುತ್ತಾರೆ. ಅವರ ಮಾತು ತಪ್ಪು ಎನ್ನಲೂ ಆಗುತ್ತಿಲ್ಲ, ಹುಡುಗನದು ಅತಿಯಾಯಿತು ಎನ್ನಲೂ ಮನಸ್ಸಿಲ್ಲ. ಕೆಲಸದ ಜಾಗದಲ್ಲಿ ಬೈಗುಳ ಎಷ್ಟರ ಮಟ್ಟಿಗೆ ಇರಬಹುದು? ನಿಮ್ಮ ಕಡೆ ಹೇಗಿದೆ?

ಮಂಡಕ್ಕಿ ಮಿರ್ಚಿ:
ಶ್ಲೋಕದ ಮಾತಿಗೆ ನಕ್ಕುಬಿಟ್ಟೆ. ನನ್ನ ಓಟು ಮೇಸ್ತ್ರಿಗೆ.

ಹರಿಹರದ ಲೇತು:
ನನ್ನದೂ. ನಾವು ಕೆಲಸ ಕಲಿಯುವಾಗ ಬೈಗುಳವೇ ಸಂಬಳ. ತಪ್ಪು ಮಾಡಿದರೆ ಪಾನಾ ಬೆನ್ನಿಗೆ ಬರುತ್ತಿತ್ತು. ಹಾಗೆ ಕಲಿತಿದ್ದಕ್ಕೇ ಇವತ್ತು ಕಣ್ಣಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತೇನೆ. ಈಗಿನ ಹುಡುಗರಿಗೆ ಮಾತೂ ತಡೆಯುವುದಿಲ್ಲ, ಬಿಸಿಲೂ ತಡೆಯುವುದಿಲ್ಲ. ಮೊಬೈಲಿನಲ್ಲಿ ಆಟವಾಡುವಾಗ ಅವರೇ ಆಡುವ ಮಾತು ಕೇಳಿದ್ದೀರಾ? ನಮ್ಮ ಮೇಸ್ತ್ರಿಗಳು ಸಾಧುಗಳು ಅನ್ನಿಸುತ್ತದೆ.

ಜಗಳೂರಿನ ಸೊಸೆ:
ಒಂದು ಸಣ್ಣ ಅನುಮಾನ. ಜಾಕಿ ಸರಿಸಿದ್ದು ಆ ಹುಡುಗನ ತಾಯಿಯೇ?

ಹರಿಹರದ ಲೇತು:
ಅಕ್ಕಾ, ಅರ್ಥ ಮನಸ್ಸಿನಲ್ಲಿಟ್ಟುಕೊಂಡು ಯಾರೂ ಬೈಯುವುದಿಲ್ಲ. ಬಾಯಿಗೆ ಬಂದದ್ದು ಬರುತ್ತದೆ. ಅದಕ್ಕೆ ಪಂಚನಾಮೆ ಮಾಡುತ್ತಾ ಕೂರಬಾರದು.

ಜಗಳೂರಿನ ಸೊಸೆ:
ಅರ್ಥವೇ ಇಲ್ಲದ ಮಾತಾದರೆ ಎಲ್ಲರಿಗೂ ಅನ್ನಬಹುದಲ್ಲ? ಲಾರಿ ಮಾಲೀಕ ಬಂದು ಬಿಲ್ಲು ಜಾಸ್ತಿಯಾಯಿತು ಎಂದಾಗ ಮೇಸ್ತ್ರಿ ಆತನ ತಾಯಿಯ ಹೆಸರೆತ್ತಲಿ, ನೋಡೋಣ. ಎತ್ತುವುದಿಲ್ಲ. ಬಾಯಿಗೆ ಬಂದದ್ದು ಬರುವುದಲ್ಲ ಅಣ್ಣಾ, ಎದುರಿಗೆ ಯಾರು ನಿಂತಿದ್ದಾರೆ ಎಂದು ನೋಡಿಕೊಂಡು ಬರುತ್ತದೆ.

ಇನ್ನೊಂದು ಮಾತು. ಇಬ್ಬರು ಗಂಡಸರು ಗದ್ದೆಯ ಬದುವಿಗಾಗಿ ಜಗಳಕ್ಕೆ ನಿಂತರೂ ಪೆಟ್ಟು ಬೀಳುವುದು ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ಹೆಂಗಸಿನ ಮೇಲೆ. ಒಬ್ಬನ ತಾಯಿ ವಿಧವೆಯಾಗಿದ್ದರೆ ಅದೂ ಬೈಗುಳ, ಅಕ್ಕ ಗಂಡನನ್ನು ಬಿಟ್ಟು ಬಂದಿದ್ದರೆ ಅದೂ ಬೈಗುಳ. ನಮ್ಮ ಅತ್ತೆಗೆ ಗಂಡ ತೀರಿಕೊಂಡಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಮಗನನ್ನು, ಅಂದರೆ ನನ್ನ ಯಜಮಾನರನ್ನು, ಶಾಲೆಯ ಹುಡುಗರು ಬೈದದ್ದೆಲ್ಲ ಅವರಿಗೆ ಅಕ್ಷರಶಃ ಅನ್ವಯಿಸುತ್ತಿತ್ತು. ಅರ್ಥ ಇಟ್ಟುಕೊಂಡಿರಲಿಲ್ಲ ಎಂದು ಅವರಿಗೆ ಹೇಳಿ ನೋಡಿ.

ವೇದಿಕೆ ನಿರ್ವಾಹಕ:
ಚರ್ಚೆ ಚೆನ್ನಾಗಿದೆ, ಮುಂದುವರಿಸಿ. ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಬೈಗುಳದ ಬಗ್ಗೆ ಬರೆಯಬಹುದು, ಬೈಗುಳವನ್ನೇ ಬರೆಯಬೇಕಾದಾಗ ಚುಕ್ಕಿ ಹಾಕಿ. ನಿಷಿದ್ಧ ಪದಗಳ ಪಟ್ಟಿ ನಿಯಮಾವಳಿಯಲ್ಲಿದೆ.

ಕೋಟೆ ಕಲ್ಲು:
ಮೊದಲ ಅಕ್ಷರ ಬರೆದು ಮೂರು ಚುಕ್ಕಿ ಇಟ್ಟರೆ ಓದುವವರ ಬಾಯಲ್ಲಿ ಪೂರ್ತಿ ಪದವೇ ಬರುತ್ತದಲ್ಲ ಸ್ವಾಮಿ! ಬೈದ ಪಾಪ ಬರೆದವನಿಂದ ಓದಿದವನಿಗೆ ದಾಟುತ್ತದೆ, ಅಷ್ಟೇ.

ಹಿರಿಯೂರು ಕಂಡಕ್ಟರ್:
ನಿರ್ವಾಹಕ ನಾನೂ ಹೌದು, ಆದರೆ ನನ್ನ ಬಸ್ಸಿನಲ್ಲಿ ಚುಕ್ಕಿ ಹಾಕಿಸುವ ಅಧಿಕಾರ ನನಗಿಲ್ಲ.

ಮೇಲೆ ಅಕ್ಕ ಹೇಳಿದ್ದು ನನಗೆ ದಿನವೂ ಕಾಣುತ್ತದೆ. ಹಬ್ಬದ ಹಿಂದಿನ ದಿನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬರು ಐನೂರರ ನೋಟು ಕೊಟ್ಟು ಹತ್ತಿರದ ಊರಿಗೆ ಟಿಕೆಟ್ ಕೇಳುತ್ತಾರೆ. ಚಿಲ್ಲರೆ ಇಲ್ಲ, ಇಳಿಯುವಾಗ ಕೊಡುತ್ತೇನೆ ಎಂದು ಟಿಕೆಟಿನ ಹಿಂದೆ ಬರೆದುಕೊಟ್ಟರೆ ಶುರು: ನನ್ನ ಜಾತಕ, ನನ್ನ ಅಪ್ಪನ ಜಾತಕ. ಮೈಮೇಲೆ ಖಾಕಿ ಇರುವುದರಿಂದ ನಾನು ಬಾಯಿ ಮುಚ್ಚಿಕೊಂಡಿರಬೇಕು. ತಿರುಗಿ ಒಂದು ಮಾತು ಆಡಿದರೂ ಮೊಬೈಲ್ ಎತ್ತಿ ಹಿಡಿಯುತ್ತಾರೆ, ಸಂಜೆಗೆ ವಿಡಿಯೊ ಓಡಾಡುತ್ತದೆ, ಮರುದಿನ ನೋಟಿಸು. ಅದೇ ಪ್ರಯಾಣಿಕರು ತಪಾಸಣೆಯವರು ಹತ್ತಿದ ಕೂಡಲೇ "ಸಾರ್, ಟಿಕೆಟ್ ಇದೆ ಸಾರ್" ಎಂದು ಕೈ ಮುಗಿಯುತ್ತಾರೆ.

ಹಾಗೆಂದು ನಾನೇನು ಸಂತನಲ್ಲ. ಡಿಪೋದಲ್ಲಿ ಬಸ್ಸು ನಿಲ್ಲಿಸಿದ ಮೇಲೆ ಡ್ರೈವರಣ್ಣನೂ ನಾನೂ ಸೇರಿ ಆ ದಿನದ ಲೆಕ್ಕ ಚುಕ್ತಾ ಮಾಡುತ್ತೇವೆ. ಕೇಳುವವರು ಯಾರೂ ಇರುವುದಿಲ್ಲ. ಆಮೇಲೆ ಊಟ ರುಚಿಸುತ್ತದೆ.

ನಿವೃತ್ತ ಮೇಷ್ಟ್ರು:
ಕಂಡಕ್ಟರ್ ಅವರ ಕೊನೆಯ ಮಾತಿನಿಂದ ನನ್ನದನ್ನು ಶುರು ಮಾಡುತ್ತೇನೆ. ನಮ್ಮ ಹಿರಿಯರು ಬೈಗುಳವನ್ನು ಕಿತ್ತು ಎಸೆಯಲು ಹೋಗಲಿಲ್ಲ, ಅದಕ್ಕೊಂದು ದಿನ, ಒಂದು ಜಾಗ ಗೊತ್ತು ಮಾಡಿದರು. ಕಾಮನ ಹುಣ್ಣಿಮೆಯ ದಿನ ಹುಡುಗರು ಊರ ಹಿತ್ತಿಲುಗಳಿಂದ ಸೌದೆ, ಬೆರಣಿ ಕದ್ದು ತಂದು, ತಾವೇ ತಮ್ಮನ್ನು ಕಳ್ಳರ ಮಕ್ಕಳೆಂದು ಕರೆದುಕೊಂಡು, ಬಾಯಿ ಬಡಿದುಕೊಂಡು ಕೂಗುತ್ತಿದ್ದರು. ಉಳಿದ ಸಾಲುಗಳನ್ನು ನಿರ್ವಾಹಕರ ಭಯದಿಂದ ಬರೆಯುತ್ತಿಲ್ಲ. ಊರ ಗೌಡನ ಮನೆಯ ಮುಂದೆಯೇ ಆ ಕೂಗು ಜೋರು. ಅಂದು ಗೌಡ ಸಿಟ್ಟಾಗುವಂತಿರಲಿಲ್ಲ.

ಮದುವೆಯಲ್ಲಿ ಬೀಗರನ್ನು ಬೈಯುವ ಹಾಡುಗಳಿದ್ದವು. ನನ್ನ ಸೋದರತ್ತೆ ಆ ಹಾಡುಗಳಿಗೆ ಹೆಸರುವಾಸಿ. ಬೀಗಿತಿಯ ಮೂಗು, ನಡಿಗೆ, ಜಿಪುಣತನ, ಕೊನೆಗೆ ಶೀಲದವರೆಗೂ ಹೋಗಿ ಬರುತ್ತಿದ್ದಳು. ಎದುರು ಪಾರ್ಟಿಯ ಹೆಂಗಸರು ಅಷ್ಟೇ ಖಾರವಾಗಿ ತಿರುಗಿಸಿ ಹಾಡುತ್ತಿದ್ದರು. ಉತ್ತರ ಬರದಿದ್ದರೆ ಇವಳಿಗೇ ಬೇಸರ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಯರವರು ವೇಷ ಹಾಕಿಕೊಂಡು ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ತಮ್ಮ ದೇವರನ್ನೂ ಬಿಡುವುದಿಲ್ಲ. ವರ್ಷವಿಡೀ ತೋಟದಲ್ಲಿ ಮಾಲೀಕರ ಮಾತು ಕೇಳಿ ದುಡಿದವರಿಗೆ ಆ ದಿನ ಬಾಯಿ ಬಿಡುವು.

ಈ ಮೂರರಲ್ಲೂ ಒಂದು ಸಂಗತಿ ಗಮನಿಸಿ. ಕೆಳಗಿರುವವರು ಮೇಲಿರುವವರನ್ನು ಬೈಯುತ್ತಾರೆ, ಇಲ್ಲವೇ ಸರಿಸಮಾನರು ಪರಸ್ಪರ ಬೈಯುತ್ತಾರೆ. ಮೇಲಿನವರು ಕೆಳಗಿನವರನ್ನು ಬೈಯಲು ಯಾವ ಹಬ್ಬವೂ ಬೇಕಾಗಿರಲಿಲ್ಲ.

ಮಂಡಕ್ಕಿ ಮಿರ್ಚಿ:
ಮೇಷ್ಟ್ರೇ, ಕಾಮನ ಹುಣ್ಣಿಮೆ ಈಗ ಎಲ್ಲಿದೆ? ರಾಂ ಅಂಡ್ ಕೋ ವೃತ್ತಕ್ಕೆ ಬಂದು ನೋಡಿ. ಬಣ್ಣ, ನೀರು, ಡಿಜೆ. ಆ ಸದ್ದಿನಲ್ಲಿ ಬೈದರೂ ಕೇಳಿಸುವುದಿಲ್ಲ.

ಹರಿಹರದ ಲೇತು:
ಡಿಜೆಯನ್ನೇ ಬೈಯಬೇಕು ಎನ್ನಿಸುತ್ತದೆ. ನಮ್ಮ ಬೀದಿಯ ಕಿಟಕಿ ಗಾಜು ಅದುರುತ್ತವೆ.

ಕೋಟೆ ಕಲ್ಲು:
ಬೈಗುಳದ ಬಗ್ಗೆ ದಾವಣಗೆರೆಯವರು ಇಷ್ಟು ಮಾತನಾಡುವುದು ನೋಡಿ ನಗು ಬರುತ್ತದೆ. ಅಸಲು ಬಂಡವಾಳ ನಮ್ಮ ದುರ್ಗದ್ದು. 1997ರಲ್ಲಿ ನೀವು ಬೇರೆ ಜಿಲ್ಲೆ ಮಾಡಿಕೊಂಡು ಹೋಗುವಾಗ ಮೆಕ್ಕೆಜೋಳ, ಭತ್ತ, ಕಾಟನ್ ಮಿಲ್ಲಿನ ಹೆಸರು ಎಲ್ಲ ಕಟ್ಟಿಕೊಂಡು ಹೋದಿರಿ. ನಮಗೆ ಉಳಿದದ್ದು ಕೋಟೆ, ಬಿಸಿಲು, ಬಾಯಿ.

ಚನ್ನಗಿರಿ ಅಡಿಕೆ:
ನಮ್ಮನ್ನು ಶಿವಮೊಗ್ಗದಿಂದ ತಂದು ಇಲ್ಲಿಗೆ ಸೇರಿಸಿದರು. ನಮ್ಮದು ಮಲೆನಾಡಿನ ಬೈಗುಳ, ತಣ್ಣಗೆ ಹೇಳುತ್ತೇವೆ. ಮನೆಗೆ ಹೋಗಿ ಮಲಗಿದ ಮೇಲೆ ಬೈದದ್ದು ಎಂದು ತಿಳಿಯುತ್ತದೆ.

ಬೆಂಗಳೂರು ಸೇರಿದ ದುರ್ಗದವನು:
ಬೈಗುಳವೇ ಅಲ್ಲದ್ದು ಬೈಗುಳವಾದ ಕಥೆ ನನ್ನದು. ಕಚೇರಿಯಲ್ಲಿ ಮೈಸೂರು ಕಡೆಯ ಗೆಳೆಯನೊಬ್ಬನಿಗೆ ಪ್ರೀತಿಯಿಂದ "ಏನಲೇ, ಊಟ ಆಯಿತೇ" ಎಂದೆ. ಆತ ಎರಡು ದಿನ ಮಾತು ಬಿಟ್ಟ. ನಮ್ಮಲ್ಲಿ "ಲೇ" ಎನ್ನದಿದ್ದರೆ ಸ್ನೇಹವೇ ಇಲ್ಲ ಎಂದು ವಿವರಿಸಿ ಸಾಕಾಯಿತು. ಆತನ ಅಪ್ಪ ಅಮ್ಮ ಮಕ್ಕಳನ್ನೂ "ಬನ್ನಿ, ಹೋಗಿ" ಎಂದೇ ಕರೆಯುವವರಂತೆ. ನಮ್ಮ ಮನೆಯಲ್ಲಿ ಹಾಗೆ ಕರೆದರೆ ಏನೋ ಕೆಟ್ಟದ್ದು ಕಾದಿದೆ ಎಂದೇ ಲೆಕ್ಕ.

ನಿವೃತ್ತ ಮೇಷ್ಟ್ರು:
ಏಕವಚನ ಎಂಬುದು ಕನ್ನಡಿಗರ ಮಟ್ಟಿಗೆ ಒಂದು ಪ್ರತ್ಯೇಕ ಅಸ್ತ್ರ. ಪತ್ರಿಕೆ ತೆರೆದರೆ "ಅಧಿಕಾರಿಗೆ ಏಕವಚನದಲ್ಲಿ ನಿಂದನೆ" ಎಂಬ ಸುದ್ದಿ ಇದ್ದೇ ಇರುತ್ತದೆ. ಅಮ್ಮನಿಗೆ ನೀನು, ದೇವರಿಗೆ ನೀನು, ಅದೇ ನೀನು ಕಚೇರಿಯ ಬಾಗಿಲು ದಾಟಿದರೆ ಅಪಮಾನ.

ಜಗಳೂರಿನ ಸೊಸೆ:
ಕಚೇರಿಗೆ ಬಂದ ಹಳ್ಳಿಯ ಮುದುಕನನ್ನು ಅಧಿಕಾರಿ "ಏನಯ್ಯಾ ನಿನ್ನದು" ಎಂದರೆ ಮಾತ್ರ ಅದು ಸುದ್ದಿಯಾಗುವುದಿಲ್ಲ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು:
ನಿಜ ತಾಯಿ.

ಕೋರ್ಟ್ ಗುಮಾಸ್ತ:
ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವನು. ದೂರುಗಳನ್ನು ಬೆರಳಚ್ಚು ಮಾಡಿ ಮಾಡಿ ಕೈ ಸವೆದಿದೆ. "ಅವಾಚ್ಯ ಶಬ್ದಗಳಿಂದ ನಿಂದಿಸಿ" ಎಂಬ ಸಾಲು ಇಲ್ಲದ ಹೊಡೆದಾಟದ ದೂರನ್ನು ನಾನು ನೋಡಿಲ್ಲ. ಬೇಲಿ ಜಗಳವಿರಲಿ, ಬೋರ್‌ವೆಲ್ ಜಗಳವಿರಲಿ, ಆ ಸಾಲು ಖಾಯಂ.

ಯಾರೂ ಕಾನೂನು ಎತ್ತಲಿಲ್ಲ, ಆದ್ದರಿಂದ ನಾನು ಎತ್ತುತ್ತೇನೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಶಾಂತಿಭಂಗವಾಗಲಿ ಎಂದು ಬೇಕೆಂದೇ ಅಪಮಾನ ಮಾಡುವುದು ಮೊದಲು 504ನೇ ಕಲಂ, ಈಗ 352. ಎರಡು ವರ್ಷದವರೆಗೆ ಶಿಕ್ಷೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಇದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಮಾತಾಡಿ ಕಿರಿಕಿರಿ ಮಾಡುವುದು ಮೊದಲು 294, ಈಗ 296. ಮೂರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ. ಬೈಗುಳವೆಲ್ಲ ಅಶ್ಲೀಲವೇ ಎಂದರೆ ಅಲ್ಲ. 2024ರ ಮಾರ್ಚಿನಲ್ಲಿ ಒಂದು ವೆಬ್ ಸರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒರಟು ಬೈಗುಳ ಇದ್ದ ಮಾತ್ರಕ್ಕೆ ಅಶ್ಲೀಲವಾಗದು ಎಂದು ಹೇಳಿದೆ.

ಜಾತಿ ಹೆಸರು ಹಿಡಿದು ಬೈದರೆ ಮಾತ್ರ ಇದೆಲ್ಲ ಹಗುರ ಲೆಕ್ಕ ನಡೆಯುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989. ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ. ನಿರೀಕ್ಷಣಾ ಜಾಮೀನಿಗೂ ತಡೆ ಇದೆ. "ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ ಕರೆಯುವುದು ಸಾರ್" ಎಂದು ನಮ್ಮ ಕಚೇರಿಗೆ ಬಂದು ಅಳುವವರು ಕಡಿಮೆ ಇಲ್ಲ.

ಮಂಡಕ್ಕಿ ಮಿರ್ಚಿ:
ಗ್ಯಾರೇಜಿನ ಒಳಗೆ ಅಂದರೆ ಸಾರ್ವಜನಿಕ ಸ್ಥಳವೇ?

ಕೋರ್ಟ್ ಗುಮಾಸ್ತ:
ಜಾತಿ ನಿಂದನೆಯ ಮಟ್ಟಿಗೆ ಸ್ಥಳ ಯಾರದ್ದು ಎನ್ನುವುದಕ್ಕಿಂತ ಹೊರಗಿನವರ ಕಣ್ಣಿಗೆ, ಕಿವಿಗೆ ಬೀಳುವಂತಿತ್ತೇ ಎನ್ನುವುದು ಮುಖ್ಯ. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಗಳ ನಡುವೆ ಆಡಿದ ಮಾತು ಆ ಕಲಮಿಗೆ ಬರುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಪಿ.ಬಿ. ರಸ್ತೆಯ ಗ್ಯಾರೇಜಿಗೆ ಗೋಡೆ ಎಲ್ಲಿದೆ? ಮೂರು ಕಡೆ ತಗಡು, ಒಂದು ಕಡೆ ಹೆದ್ದಾರಿ.

ಪಿಬಿ ರಸ್ತೆಯವನು:
ಗುಮಾಸ್ತರೇ, ಜಾತಿ ವಿಷಯ ಬಂದಿಲ್ಲ, ಅದನ್ನು ಸ್ಪಷ್ಟಪಡಿಸುತ್ತೇನೆ. ಮೇಸ್ತ್ರಿ ಹಾಗೆ ಬೈದದ್ದನ್ನು ನಾನು ಕೇಳಿಲ್ಲ.

ಜಗಳೂರಿನ ಅಕ್ಕ ಹೇಳಿದ ಮೇಲೆ ಸುಮ್ಮನೆ ಗಮನಿಸಿದೆ. ನಿನ್ನೆ ಮೆಕ್ಕೆಜೋಳದ ಲೋಡು ಹೊತ್ತ ಲಾರಿಯ ಮಾಲೀಕರು ಬಂದು, ಕ್ಲಚ್ ಪ್ಲೇಟು ಹಾಕಿ ತಿಂಗಳಾಗಿಲ್ಲ, ಮತ್ತೆ ಹೋಯಿತು ಎಂದು ಕೂಗಾಡಿದರು. ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸುತ್ತಾನೆ, ತಪ್ಪು ಅವರದೇ. ಮೇಸ್ತ್ರಿ "ನೋಡೋಣ ಯಜಮಾನರೇ, ಒಂದು ಚಹಾ ಕುಡಿಯಿರಿ" ಎಂದರು. ಅವರು ಹೋದ ಮೇಲೆ ಟೀ ತಂದ ಹುಡುಗನಿಗೆ ಬೈಗುಳ ಬಿತ್ತು, ಸಕ್ಕರೆ ಜಾಸ್ತಿಯಾಗಿದೆ ಎಂದು.

ಜಗಳೂರಿನ ಸೊಸೆ:
ಹಾಗಾದರೆ ಬಾಯಿಗೆ ಬ್ರೇಕು ಇದೆ, ಎಲ್ಲಿ ಒತ್ತಬೇಕು ಎಂಬುದೂ ಗೊತ್ತಿದೆ.

ಹರಿಹರದ ಲೇತು:
ಗಿರಾಕಿ ಮುಂದೆ ನಾವೆಲ್ಲ ಹಾಗೆಯೇ. ಅದನ್ನು ದೊಡ್ಡ ಅಪರಾಧ ಮಾಡಬೇಡಿ. ಹೊಟ್ಟೆಪಾಡು.

ಎಪಿಎಂಸಿ ಹಮಾಲಿಯ ಮಗ:
ನನ್ನ ಅಪ್ಪ ಇಡೀ ಆಯಸ್ಸು ಮಾರುಕಟ್ಟೆಯಲ್ಲಿ ಚೀಲ ಹೊತ್ತವರು. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಚೀಲಕ್ಕೆ ಕೊಕ್ಕೆ ಹಾಕಿ, ಇಬ್ಬರು ಎತ್ತಿ ಒಬ್ಬನ ಬೆನ್ನಿಗೆ ಕೊಡುವಾಗ ಬೈಗುಳವೇ ತಾಳ. "ಎತ್ತೋ" ಎನ್ನುವುದರ ಜೊತೆ ಅಪ್ಪ, ಅಜ್ಜ ಎಲ್ಲರೂ ಬರುತ್ತಿದ್ದರು. ಯಾರಿಗೂ ನೋವಿಲ್ಲ. ಸರದಿ ತಿರುಗುತ್ತಿತ್ತು: ಈಗ ಹೊರುವವನು ಅವನು, ಆಮೇಲೆ ಎತ್ತಿ ಕೊಡುವವನು ಅವನೇ. ಬೈಸಿಕೊಂಡವನು ಹತ್ತು ನಿಮಿಷದಲ್ಲಿ ಬಡ್ಡಿ ಸಮೇತ ತೀರಿಸುತ್ತಿದ್ದ. ಹೊಸದಾಗಿ ಬಂದವನನ್ನು ಯಾರೂ ಬೈಯುತ್ತಿರಲಿಲ್ಲ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಅವನಿಗೆ ಮೊದಲ ಬೈಗುಳ ಬಿದ್ದ ದಿನ ಅವನು ಗುಂಪಿಗೆ ಸೇರಿದ ಹಾಗೆ. ಆ ದಿನ ಮಿರ್ಚಿ ಮಂಡಕ್ಕಿ ಅವನದೇ ಲೆಕ್ಕದಲ್ಲಿ.

ಒಮ್ಮೆ ಒಂದು ಅಂಗಡಿಯ ದಲ್ಲಾಳಿಯ ಮಗ, ಹೊಸದಾಗಿ ಗದ್ದಿಗೆ ಮೇಲೆ ಕುಳಿತವನು, ತಾನೂ ಇವರ ಗೆಳೆಯನೆಂದುಕೊಂಡು ನಗುತ್ತಲೇ ಅಪ್ಪನಿಗೆ ಅದೇ ಮಾತು ಅಂದ. ಬೆಳಿಗ್ಗೆಯಿಂದ ಮುನ್ನೂರು ಸಲ ಹಾರಾಡಿದ ಅದೇ ಮಾತು. ಅಪ್ಪ ಬೆನ್ನ ಮೇಲಿದ್ದ ಚೀಲವನ್ನು ಅಲ್ಲೇ ಇಳಿಸಿದರು. ಹೊಲಿಗೆ ಬಿಚ್ಚಿ ಜೋಳ ಹರಡಿತು. ಉಳಿದವರೂ ಕೊಕ್ಕೆ ಹೆಗಲಿಗೆ ಹಾಕಿಕೊಂಡು ಕುಳಿತುಬಿಟ್ಟರು. ದೊಡ್ಡ ದಲ್ಲಾಳಿ ಬಂದು, ಮಗನ ಕೈಯಲ್ಲೇ ಎಲ್ಲರಿಗೂ ಚಹಾ ಕೊಡಿಸಿದ ಮೇಲೆ ಲೋಡು ಮುಂದುವರಿಯಿತು. ಆ ಹುಡುಗನಿಗೆ ಕೊನೆಗೂ ಅರ್ಥವಾಗಲಿಲ್ಲ. "ನೀವೆಲ್ಲ ಅದನ್ನೇ ಅನ್ನುತ್ತೀರಲ್ಲ" ಎಂದು ಕೇಳುತ್ತಲೇ ಇದ್ದ. ಅಪ್ಪ ಅವನನ್ನು ತಿರುಗಿ ಬೈಯುವಂತಿರಲಿಲ್ಲ, ಅಷ್ಟೇ ವಿಷಯ.

ಹಿರಿಯೂರು ಕಂಡಕ್ಟರ್:
ಇದನ್ನು ಅಚ್ಚು ಹಾಕಿಸಿ ಡಿಪೋ ಗೋಡೆಗೆ ಅಂಟಿಸಬೇಕು.

ಚಳ್ಳಕೆರೆ ಶೇಂಗಾ:
ಒಪ್ಪಿದೆ. ಆದರೆ ಅಜ್ಜಿ? ನಮ್ಮಜ್ಜಿ ನನ್ನನ್ನು "ಹಾಳಾದವನೆ, ಮುಂಡೇದೆ, ಉಣ್ಣು ಬಾ" ಎಂದೇ ಕರೆಯುತ್ತಿದ್ದಳು. ನಾನು ತಿರುಗಿ ಬೈಯುವಂತಿರಲಿಲ್ಲ. ಅದಕ್ಕಿಂತ ಪ್ರೀತಿಯ ಮಾತು ಇವತ್ತಿಗೂ ಯಾರೂ ಆಡಿಲ್ಲ. ನಿಮ್ಮ ಲೆಕ್ಕ ಅಲ್ಲಿ ಹೊಂದುವುದಿಲ್ಲ.

ಎಪಿಎಂಸಿ ಹಮಾಲಿಯ ಮಗ:
ಅಜ್ಜಿಯ ಕೈಯಲ್ಲಿ ಆಗ ಏನಿರುತ್ತಿತ್ತು? ಮುದ್ದೆಯ ತಟ್ಟೆ. ಆ ದಲ್ಲಾಳಿಯ ಮಗನ ಕೈಯಲ್ಲಿ ನಮ್ಮ ಕೂಲಿಯ ಪುಸ್ತಕವಿತ್ತು.

ಜಗಳೂರಿನ ಸೊಸೆ:
ಅದೇ ಅಜ್ಜಿ ಸೊಸೆಗೂ "ಮುಂಡೇದೆ" ಎನ್ನುತ್ತಿದ್ದಳೇ? ಆಗ ಸೊಸೆಗೆ ಪ್ರೀತಿ ಅನ್ನಿಸುತ್ತಿತ್ತೇ? ಮನೆಯಲ್ಲಿ ಅಮ್ಮನನ್ನು ಒಮ್ಮೆ ಕೇಳಿ ನೋಡಿ ಶೇಂಗಾ ಅವರೇ.

ಚಳ್ಳಕೆರೆ ಶೇಂಗಾ:
ಕೇಳಿದೆ. ಅಮ್ಮ ಒಂದು ಗಂಟೆ ಮಾತನಾಡಿದರು. ಈ ಪ್ರಶ್ನೆ ಕೇಳಬಾರದಿತ್ತು.

ನರ್ಸಕ್ಕ:
ರಾತ್ರಿ ಪಾಳಿ ಮುಗಿಸಿ ಬಂದು ಪೂರ್ತಿ ಓದಿದೆ. ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ನೋವು ತಿನ್ನುವಾಗ ಹೆಂಗಸರು ಗಂಡನನ್ನು, ಅವನ ವಂಶವನ್ನು, ಕೆಲವೊಮ್ಮೆ ನಮ್ಮನ್ನೂ ಬೈಯುತ್ತಾರೆ. ಬಹಳ ಮೆತ್ತಗಿನ ಹುಡುಗಿಯರ ಬಾಯಲ್ಲೂ ಎಂತೆಂಥ ಮಾತು ಬರುತ್ತದೆಂದರೆ ಲಾರಿ ಗ್ಯಾರೇಜಿನವರು ಪಾಠ ಹೇಳಿಸಿಕೊಳ್ಳಬೇಕು. ನಾವು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇದಕ್ಕೆ ಸ್ವಲ್ಪ ವಿಜ್ಞಾನದ ಆಧಾರವೂ ಇದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡ 2009ರಲ್ಲಿ ವಿದ್ಯಾರ್ಥಿಗಳ ಕೈಯನ್ನು ಕೊರೆಯುವ ನೀರಿನಲ್ಲಿ ಇಡಿಸಿ ನೋಡಿತು. ಬೈಯುತ್ತಾ ಇಟ್ಟವರು, ಸಾಧಾರಣ ಪದ ಹೇಳುತ್ತಾ ಇಟ್ಟವರಿಗಿಂತ ಹೆಚ್ಚು ಹೊತ್ತು ತಡೆದುಕೊಂಡರು. ಅದಕ್ಕೆ 2010ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಶಾಂತಿ ಬಹುಮಾನವೂ ಬಂತು, ಬೈಗುಳಕ್ಕೆ ಶಾಂತಿ ಬಹುಮಾನ! ಇನ್ನೊಂದು, ಪಾರ್ಶ್ವವಾಯು ಹೊಡೆದು ಮಾತು ನಿಂತ ಕೆಲವು ರೋಗಿಗಳು "ನೀರು" ಎನ್ನಲಾರರು, ಆದರೆ ಸಿಟ್ಟು ಬಂದಾಗ ಬೈಗುಳ ಸ್ಪಷ್ಟವಾಗಿ ಬರುತ್ತದೆ. ಮೊದಲ ಸಲ ಕೇಳಿದ ಮನೆಯವರು ನಾಚಿಕೆಪಡುತ್ತಾರೆ. ಅವರು ಬೇಕೆಂದು ಅನ್ನುತ್ತಿಲ್ಲ, ರೂಢಿಯ ಮಾತುಗಳು ಮಿದುಳಿನಲ್ಲಿ ಬೇರೆ ದಾರಿಯಿಂದ ಬರುತ್ತವೆ ಎಂದು ನಾವು ಸಮಾಧಾನ ಹೇಳುತ್ತೇವೆ.

ಹರಿಹರದ ಲೇತು:
ನೋಡಿದಿರಾ! ವಿಜ್ಞಾನವೇ ಮೇಸ್ತ್ರಿಯ ಪರ ನಿಂತಿದೆ.

ನರ್ಸಕ್ಕ:
ಪೂರ್ತಿ ಕೇಳಿಸಿಕೊಳ್ಳಿ ಅಣ್ಣಾ. ಅದೇ ತಂಡ 2011ರಲ್ಲಿ ಮತ್ತೆ ಪರೀಕ್ಷೆ ಮಾಡಿ, ದಿನವೂ ಬಹಳ ಬೈಯುವವರಿಗೆ ಆ ಲಾಭ ಕಡಿಮೆ ಎಂದು ಕಂಡುಕೊಂಡಿತು. ಪಾನಾ ಜಾರಿ ಬೆರಳಗಂಟು ಕಿತ್ತುಹೋದಾಗ ನಿಮ್ಮ ಮೇಸ್ತ್ರಿಗೆ ಬೈಗುಳದಿಂದ ಏನೂ ಉಪಶಮನ ಸಿಗಲಿಕ್ಕಿಲ್ಲ, ಎಲ್ಲ ಖರ್ಚು ಮಾಡಿಕೊಂಡಿದ್ದಾರೆ. ಜೊತೆಗೆ ಆ ಪ್ರಯೋಗದಲ್ಲಿ ಕೈಯೂ ಅವರದೇ, ನೋವೂ ಅವರದೇ. ಪಕ್ಕದವನನ್ನು ಬೈದು ತನ್ನ ನೋವು ಇಳಿಸಿಕೊಳ್ಳಬಹುದೆಂದು ಯಾರೂ ಬರೆದಿಲ್ಲ. ವಾರ್ಡಿನಲ್ಲೂ ಅಷ್ಟೇ. ಬಾಣಂತಿ ನಮ್ಮನ್ನು ಬೈದರೆ ನೋವು ಮಾತಾಡಿದೆ. ನಮ್ಮಲ್ಲಿ ಯಾರಾದರೂ ಅವಳನ್ನು ಬೈದರೆ, ಬೈಯುವವರು ಇದ್ದಾರೆ, ಅದನ್ನು ಅವಳು ಸಾಯುವವರೆಗೆ ಮರೆಯುವುದಿಲ್ಲ.

ಕೋಟೆ ಕಲ್ಲು:
ನಮ್ಮ ಪರಿಚಯದ ಒಬ್ಬ ಮೆಕ್ಯಾನಿಕ್ ಹೊಸ ಉಪಾಯ ಮಾಡಿದ್ದಾನೆ. ಬೈಗುಳದ ಜಾಗಕ್ಕೆ ಗಾಡಿಯ ಭಾಗಗಳು. "ಸವೆದ ಕ್ಲಚ್ ಪ್ಲೇಟೆ", "ತುಕ್ಕು ಹಿಡಿದ ಬೋಲ್ಟೆ", "ಸೋರುವ ರೇಡಿಯೇಟರೆ". ಹುಡುಗರು ನಗುತ್ತಾರೆ, ಪಾರ್ಟುಗಳ ಹೆಸರೂ ಬಾಯಿಪಾಠ. ಪಿಬಿ ರಸ್ತೆ ಅಣ್ಣ ಪ್ರಯತ್ನಿಸಿ ನೋಡಲಿ.

ನರ್ಸಕ್ಕ:
ಸ್ಟೀಫನ್ಸ್ ಅದನ್ನೂ ಬಿಟ್ಟಿಲ್ಲ! 2020ರಲ್ಲಿ ಹೊಸದಾಗಿ ಹೊಸೆದ ಬೈಗುಳಗಳನ್ನು ಕೊಟ್ಟು ಪರೀಕ್ಷಿಸಿದರು. ತಮಾಷೆಯಾಗಿವೆ ಎಂದರು, ಆದರೆ ನೋವು ತಡೆಯಲು ಕೆಲಸಕ್ಕೆ ಬರಲಿಲ್ಲ. ಹುಡುಗರನ್ನು ನಗಿಸಲು ಕ್ಲಚ್ ಪ್ಲೇಟು ಸಾಕು, ಕಾಲಿನ ಮೇಲೆ ಜಾಕಿ ಬಿದ್ದಾಗ ಹಳೆಯದೇ ಬೇಕು.

ಮಂಡಕ್ಕಿ ಮಿರ್ಚಿ:
ಎಲ್ಲರೂ ಗಂಡಸರ ಮೇಲೆಯೇ ಬಿದ್ದಿದ್ದೀರಿ. ಹೆಂಗಸರು ಬೈಯುವುದಿಲ್ಲವೇ? ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬಿಟ್ಟಾಗ ನಮ್ಮ ಬೀದಿಗೆ ಬನ್ನಿ. ಕೊಡ ಕೊಡಕ್ಕೆ ತಾಕುವ ಮುಂಚೆ ಮಾತು ತಾಕಿರುತ್ತದೆ.

ಜಗಳೂರಿನ ಸೊಸೆ:
ಬೈಯುತ್ತೇವೆ, ಯಾರು ಇಲ್ಲ ಎಂದರು? ನಮ್ಮ ಓಣಿಯ ಅಜ್ಜಿಯೊಬ್ಬರು ಹಿಡಿಮಣ್ಣು ತೂರಿ ಶಾಪ ಹಾಕಿದರೆ ಗಟ್ಟಿಗರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪೊಲೀಸ್ ಠಾಣೆ, ಪಂಚಾಯಿತಿ ಯಾವುದೂ ಮಾತು ಕೇಳದ ಹೆಂಗಸಿಗೆ ಉಳಿದಿದ್ದು ಅದೊಂದೇ. ಆದರೆ ಊರ ಮಧ್ಯೆ ಬೈದ ಗಂಡಸಿಗೆ "ಸಿಟ್ಟಿನ ಮನುಷ್ಯ, ಮನಸ್ಸು ಬೆಣ್ಣೆ" ಎಂಬ ಪದವಿ. ಬೈದ ಹೆಂಗಸಿಗೆ ಗಂಡು ಸಿಗುವುದಿಲ್ಲ.

ವಿದ್ಯಾನಗರದ ಹುಡುಗಿ:
ಅಕ್ಕಾ, ಇದಕ್ಕೆ ನಮ್ಮ ಕಾಲೇಜಿನ ಕಥೆ ಸೇರಿಸುತ್ತೇನೆ. ನಾವು ಗೆಳತಿಯರು ಇಂಗ್ಲಿಷಿನಲ್ಲಿ ಮಾತುಮಾತಿಗೂ ಬೈಯುತ್ತೇವೆ. ಉಪನ್ಯಾಸಕರು ಪಕ್ಕದಲ್ಲೇ ಹೋದರೂ ಹುಬ್ಬು ಅಲುಗುವುದಿಲ್ಲ. ಮೊನ್ನೆ ಕ್ಯಾಂಟೀನಿನಲ್ಲಿ ಒಬ್ಬ ಹುಡುಗ ಸರತಿ ಮುರಿದು ನುಗ್ಗಿದಾಗ ನನ್ನ ಗೆಳತಿ ಅಪ್ಪಟ ಹೊನ್ನಾಳಿ ಕನ್ನಡದಲ್ಲಿ ಒಂದು ಬಿಟ್ಟಳು. ಇಡೀ ಕ್ಯಾಂಟೀನ್ ಸ್ತಬ್ಧ. ದೋಸೆ ಹಾಕುವವರೂ ತಿರುಗಿ ನೋಡಿದರು. ಇಂಗ್ಲಿಷಿನಲ್ಲಿ ಬೈದರೆ ಆಧುನಿಕಳು, ಕನ್ನಡದಲ್ಲಿ ಬೈದರೆ ಬಜಾರಿ. ಆ ಹುಡುಗನೂ ಅದನ್ನೇ ಅಂದ.

ಬೆಂಗಳೂರು ಸೇರಿದ ದುರ್ಗದವನು:
ಇದು ನಿಜ. ಕಚೇರಿಯ ಸಭೆಯಲ್ಲಿ ಮೇಲಧಿಕಾರಿ ನಾಲ್ಕಕ್ಷರದ ಇಂಗ್ಲಿಷ್ ಮಾತು ಆಡಿದರೆ "ನೇರ ಮನುಷ್ಯ" ಎನ್ನುತ್ತಾರೆ. ಸೆಕ್ಯುರಿಟಿಯವರು ಕನ್ನಡದಲ್ಲಿ ಅದರ ಅರ್ಧದಷ್ಟು ಅಂದರೆ ಕೆಲಸ ಹೋಗುತ್ತದೆ.

ಕೋರ್ಟ್ ಗುಮಾಸ್ತ:
ಗ್ಯಾರೇಜಿನವರಿಗೆ ಇನ್ನೊಂದು ಮಾತು, ಯಾರೂ ಹೇಳಿಲ್ಲ. ಲೆಕ್ಕ ಬರೆಯಲು ಹೆಣ್ಣುಮಗಳು ಯಾರಾದರೂ ಇದ್ದಾರೆಯೇ? ಲೈಂಗಿಕ ಅರ್ಥದ ಮಾತುಗಳು 2013ರ ಕಾಯ್ದೆಯ ಪ್ರಕಾರ ಕೆಲಸದ ಸ್ಥಳದ ಕಿರುಕುಳದ ವ್ಯಾಪ್ತಿಗೆ ಬರುತ್ತವೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಆಂತರಿಕ ಸಮಿತಿ ಇಲ್ಲದಿದ್ದರೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಪಿಬಿ ರಸ್ತೆಯವನು:
ಇದ್ದಾರೆ ಗುಮಾಸ್ತರೇ. ಅವರು ಇಯರ್‌ಫೋನ್ ಹಾಕಿಕೊಂಡೇ ಬಿಲ್ಲು ಬರೆಯುವುದು ಯಾಕೆಂದು ಈಗ ಹೊಳೆಯಿತು. ಮೇಸ್ತ್ರಿಯ ಹತ್ತಿರ ಕುಳಿತು ಮಾತನಾಡುತ್ತೇನೆ. ನಿಮಗೆ ಹೇಳುವಷ್ಟು ಸುಲಭವಲ್ಲ, ನನ್ನ ಕೈಗೆ ಮೊದಲ ಪಾನಾ ಕೊಟ್ಟವರು ಅವರು.

ಹರಿಹರದ ಲೇತು:
ಮಾತನಾಡುವಾಗ ಗುಂಪಿನ ಮುಂದೆ ಬೇಡ, ಒಬ್ಬರೇ ಇರುವಾಗ ಹೇಳಿ. ವಯಸ್ಸಾದವರು. ನಾನು ಇಷ್ಟು ವಾದ ಮಾಡಿದ್ದು ನಿಜ, ಆದರೆ ನನ್ನ ಮಗನನ್ನು ಯಾವ ಲೇತಿಗೂ ಕಳಿಸಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ವಿದ್ಯಾನಗರದ ಹುಡುಗಿ:
ನಿರ್ವಾಹಕರೇ, ನಿಮ್ಮ ನಿಷಿದ್ಧ ಪಟ್ಟಿಯನ್ನು ಈಗ ತೆಗೆದು ನೋಡಿದೆ. ಗಂಡಸರು ಗಂಡಸರಿಗೆ ಬೈಯುವ ಮಾತುಗಳೆಲ್ಲ ಇವೆ. ನಾನು ಮೇಲೆ ಬರೆದ "ಬಜಾರಿ"ಗೆ ಒಂದು ಚುಕ್ಕಿಯೂ ಬೀಳಲಿಲ್ಲ. ಅದು ಬೈಗುಳವಲ್ಲವೇ?

ವೇದಿಕೆ ನಿರ್ವಾಹಕ:
ಪಟ್ಟಿ ನಾನು ಬರುವ ಮೊದಲೇ ಇತ್ತು. ಸೇರಿಸಿದ್ದೇನೆ. "ಗಂಡುಬೀರಿ"ಯನ್ನೂ ಸೇರಿಸಲೇ?

ವಿದ್ಯಾನಗರದ ಹುಡುಗಿ:
ಅದನ್ನು ಬಿಡಿ. ಅದು ನಮ್ಮ ಗುಂಪಿನ ವಾಟ್ಸ್ಆ್ಯಪ್ ಹೆಸರು.